ಕಿಡ್ಯೊ ಮಾಡುವ ಕೈಗಳು

ಡಿಸೆಂಬರ್ ತಿಂಗಳ ಮೊದಲ ಎರಡು ವಾರಗಳು ಕಳೆದು, ಕರಾವಳಿಯ ಬಿಸಿಲಿಗೆ ಸಂಜೆಯ ಹೊತ್ತಿಗಾದರೂ ಒಂದಿಷ್ಟು ಮಾರ್ದವ ಬಂದು, ಮಂಗಳೂರಿನ ಸುತ್ತುಮುತ್ತಲಿನ ಕ್ರೈಸ್ತರ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ಒಂದೊಂದಾಗಿ ಬೆಳಗತೊಡಗಿದಾಗ, ಆ ಮನೆಗಳ ಅಡುಗೆಕೋಣೆಗಳಿಂದ ಹೊರಟು ಬೀದಿಯವರೆಗೂ ಹರಡಿಕೊಳ್ಳುವ ಪರಿಮಳವೊಂದುಂಟು. ಕಾದ ಎಣ್ಣೆ, ತೆಂಗಿನ ಹಾಲು, ಹುರಿದ ಎಳ್ಳು, ಕುಟ್ಟಿದ ಏಲಕ್ಕಿ, ಎಳೆಪಾಕಕ್ಕೆ ಬಂದ ಸಕ್ಕರೆ ಇವೆಲ್ಲ ಕೂಡಿ ಹುಟ್ಟುವ ಆ ಪರಿಮಳವನ್ನು ಬಾಲ್ಯದಲ್ಲಿ ಒಮ್ಮೆ ಉಂಡವನು ಲೋಕದ ಯಾವ ಮೂಲೆಯಲ್ಲಿದ್ದರೂ ಮರೆಯಲಾರನು. ಅರ್ಧಚಂದ್ರಾಕಾರದ ನೆವ್ರಿ, ಸುರುಳಿ ಸುತ್ತಿದ ಕಿಡ್ಯೊ, ಮಣಿಗಳಂತಹ ಗುಳಿಯೊ, ಹೂವಿನಾಕೃತಿಯ ಕೊಕ್ಕಿಸಾಂ, ತುಕ್ಡಿ, ಚಕ್ಕುಲಿ, ಉಂಡೆ, ಕೇಕು ಇವುಗಳ ಸಮೂಹಕ್ಕೆ ನಮ್ಮ ಕೊಂಕಣಿಯಲ್ಲಿ 'ಕುಸ್ವಾರ್' ಎಂದು ಹೆಸರು. ಕುಸ್ವಾರವಿಲ್ಲದ ಕ್ರಿಸ್‌ಮಸ್ಸನ್ನು ನಮ್ಮ ಕಡೆಯವರು ಊಹಿಸಿಕೊಳ್ಳಲಾರರು.

ಎರಡು ವರ್ಷಗಳ ಹಿಂದೆ ಅದೇ ಪರಿಮಳದ ನಡುವೆ ನಾನು ಕೇಳಿದ ಒಂದು ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಡಿಸೆಂಬರ್ 24ರ ರಾತ್ರಿ. ಮನೆಯವರೆಲ್ಲ ಹೊಸ ಬಟ್ಟೆಯುಟ್ಟು ರಾತ್ರಿಯ ಬಲಿಪೂಜೆಗೆ ಹೊರಡಲು ಸಿದ್ಧರಾಗಿದ್ದರು. ಅತ್ತಿಗೆ ಮಾತ್ರ ಎಣ್ಣೆಯ ಕಲೆಯಾದ ಸೀರೆಯಲ್ಲಿಯೇ ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಕುಳಿತಿದ್ದರು. ಒಳಗೆ ಮರುದಿನ ಹಬೆಯಲ್ಲಿ ಬೇಯಿಸುವ ಸನ್ನಣಕ್ಕೆಂದು ರುಬ್ಬಿಟ್ಟ ಹಿಟ್ಟು ಉಬ್ಬುತ್ತಿತ್ತು. ಮಾಂಸಕ್ಕೆ ಮಸಾಲೆ ಬೆರೆಸುವುದು ಇನ್ನೂ ಬಾಕಿಯಿತ್ತು. "ಹೊರಡುವುದಿಲ್ಲವೇ ಅತ್ತಿಗೆ?" ಎಂದು ಕೇಳಿದೆ. ಅವರು ನನ್ನ ಕಡೆ ತಿರುಗದೆಯೇ, "ಒಮ್ಮೆ ಈ ಹಬ್ಬ ಮುಗಿದರೆ ಸಾಕು ಅಂತ ಆಗಿದೆ" ಎಂದರು. ಆ ಧ್ವನಿಯಲ್ಲಿ ಕೋಪವಿರಲಿಲ್ಲ, ದೂರಿರಲಿಲ್ಲ. ಹದಿನೈದು ದಿನಗಳ ನಿದ್ರಾಹೀನತೆಯ ದಣಿವೊಂದೇ ಇತ್ತು. ಲೋಕಕ್ಕೆ ಮಹಾನಂದದ ವಾರ್ತೆಯನ್ನು ತಂದ ರಾತ್ರಿಯೆಂದು ನಾವು ಯಾವುದನ್ನು ಕೊಂಡಾಡುತ್ತೇವೆಯೋ ಆ ರಾತ್ರಿಯಲ್ಲಿ, ಆ ಆನಂದಕ್ಕೆ ಬೇಕಾದ ಸಕಲ ಸಾಮಗ್ರಿಯನ್ನೂ ತನ್ನ ಎರಡು ಕೈಗಳಿಂದ ಒದಗಿಸಿಕೊಟ್ಟ ಒಬ್ಬ ಹೆಣ್ಣುಮಗಳಿಗೆ ಆ ಆನಂದದ ಒಂದಂಶವೂ ಉಳಿದಿರಲಿಲ್ಲವೆಂಬುದು ನನಗೆ ಆಗ ಮೊದಲ ಬಾರಿಗೆ ಹೊಳೆಯಿತು. ಅಷ್ಟು ವರ್ಷಗಳ ಕಾಲ ಹೊಳೆಯದಿದ್ದುದು ನನ್ನ ತಪ್ಪು.

ಹಬ್ಬವೆಂದ ಮೇಲೆ ದುಡಿಮೆಯಿದ್ದೇ ಇರುತ್ತದೆ. ದುಡಿಮೆಯಿಲ್ಲದೆ ಬಂದ ಹಬ್ಬ ಅತಿಥಿಯಂತೆ ಬಂದು ಅತಿಥಿಯಂತೆಯೇ ಹೋಗಿಬಿಡುತ್ತದೆ, ಮನೆಯದಾಗುವುದಿಲ್ಲ. ಹೀಗಿರುವಾಗ ನಮ್ಮ ಹಿರಿಯರನ್ನು ಹಿಗ್ಗಿಸಿದ ಅದೇ ದುಡಿಮೆ ನಮ್ಮ ಕಾಲದವರನ್ನು ಏಕೆ ಕುಗ್ಗಿಸುತ್ತಿದೆ? ಈ ಪ್ರಶ್ನೆಯನ್ನು ಹಿಡಿದು ನಾನು ನಮ್ಮದೇ ಮನೆಯ ಹಿಂದಿನ ದಿನಗಳನ್ನು ನೆನೆದು ನೋಡಿದ್ದೇನೆ. ನನಗೆ ತೋರುವ ಉತ್ತರ ಇಷ್ಟೇ: ಕೆಲಸ ಹೆಚ್ಚಿದ್ದರಿಂದ ಹಬ್ಬ ಭಾರವಾಗಲಿಲ್ಲ, ಹಲವರದಾಗಿದ್ದ ಕೆಲಸ ಒಬ್ಬರದಾದುದರಿಂದ ಅದು ಭಾರವಾಯಿತು.

ನಮ್ಮ ಅಜ್ಜಿಯ ಕಾಲದಲ್ಲಿ ಕಿಡ್ಯೊ ಮಾಡುವುದೆಂದರೆ ಒಂದು ಸಭೆ ಸೇರಿದಂತೆ. ಕೊಂಕಣಿಯಲ್ಲಿ ಕಿಡ್ಯೊ ಎಂದರೆ ಹುಳುಗಳು. ತಿಂಡಿಯ ಆಕಾರ ಹಾಗಿರುವುದರಿಂದ ಆ ಹೆಸರು. ಮೈದಾ ಹಿಟ್ಟಿಗೆ ಬಿಸಿ ತುಪ್ಪವನ್ನೂ ತೆಂಗಿನ ಹಾಲನ್ನೂ ಸೇರಿಸಿ ನಾದಿ, ಒದ್ದೆ ಬಟ್ಟೆ ಮುಚ್ಚಿಟ್ಟು, ರಾತ್ರಿಯ ಊಟ ಹಾಗೂ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಚಾವಡಿಯಲ್ಲಿ ಚಾಪೆ ಹಾಸಿ ಎಲ್ಲರೂ ಸುತ್ತ ಕುಳಿತುಕೊಳ್ಳುತ್ತಿದ್ದೆವು. ನೆಲ್ಲಿಕಾಯಿಗಿಂತ ಚಿಕ್ಕದಾದ ಒಂದು ಉಂಡೆಯನ್ನು ಫೋರ್ಕಿನ ಬೆನ್ನ ಮೇಲಿರಿಸಿ, ಹೆಬ್ಬೆರಳಿನಿಂದ ಒತ್ತಿ ಹರಡಿ, ಕೆಳಗಿನ ಅಂಚಿನಿಂದ ಮೆಲ್ಲನೆ ಸುರುಳಿ ಸುತ್ತಿದರೆ ಮೈತುಂಬ ಗೆರೆಗಳು ಮೂಡಿದ ಒಂದು ಪುಟ್ಟ ಶಂಖ ಅಂಗೈಗೆ ಉರುಳುತ್ತಿತ್ತು. ಫೋರ್ಕು ಸಿಗದವರಿಗೆ ಹೊಸ ಬಾಚಣಿಗೆ. ಅಂಚು ಸರಿಯಾಗಿ ಅಂಟದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುವುದು. ದಪ್ಪವಾದರೆ ಒಳಗೆ ಬೇಯದು. ಹೀಗೆ ನೂರಾರು ಆಗಬೇಕು. ಒಬ್ಬರೇ ಕುಳಿತು ಮಾಡಿದರೆ ಬೆನ್ನು ಮುರಿಯುವ ಈ ಕೆಲಸ, ಹತ್ತು ಜನರ ನಡುವೆ ಕಥೆಗೂ ಹಾಡಿಗೂ ನಗುವಿಗೂ ನೆಪವಾಗಿ, ರಾತ್ರಿ ಹನ್ನೊಂದು ಗಂಟೆಯಾಯಿತೆಂದು ಅಜ್ಜ ಎರಡು ಸಲ ಗದರಿಸಿದ ಮೇಲೂ ಮುಗಿಯಬಾರದೆನ್ನಿಸುತ್ತಿತ್ತು.

ಆ ಸಭೆಯಲ್ಲಿ ಪ್ರತಿಯೊಬ್ಬರಿಗೂ ವಯಸ್ಸಿಗೆ ತಕ್ಕ ಕೆಲಸವಿತ್ತು. ಪುಟ್ಟ ಮಕ್ಕಳು ಉಂಡೆ ಕಟ್ಟುವವರು. ದೊಡ್ಡ ಮಕ್ಕಳು ಸುರುಳಿ ಸುತ್ತುವವರು. ತಂದೆಯೂ ಚಿಕ್ಕಪ್ಪನೂ ತೆಂಗಿನಕಾಯಿ ಸುಲಿದು, ತುರಿದು, ಒಲೆಗೆ ಸೌದೆ ಒಡೆದುಕೊಡುವವರು. ತಾಯಿ ಬಾಣಲೆಯ ಮುಂದೆ. ಅಜ್ಜಿ ಪಾಕದ ಹದ ನೋಡುವಲ್ಲಿ. ಕೊಕ್ಕಿಸಾಂ ಕರಿಯುವುದನ್ನು ಮಾತ್ರ ಅಜ್ಜಿ ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಹೂವಿನಾಕಾರದ ಕಬ್ಬಿಣದ ಅಚ್ಚನ್ನು ಮೊದಲು ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಿ, ಅನಂತರ ಹಿಟ್ಟಿನಲ್ಲಿ ಅದ್ದಿ, ಮತ್ತೆ ಎಣ್ಣೆಗಿಳಿಸಿ ಅಲುಗಿಸಿದರೆ ಹೂವು ತಾನಾಗಿ ಕಳಚಿಕೊಂಡು ತೇಲುತ್ತದೆ. ಆದರೆ ಅಚ್ಚನ್ನು ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಪೂರ್ತಿ ಮುಳುಗಿಸಿದೆಯಾದರೆ ಹಿಟ್ಟು ಮೇಲಿನಿಂದಲೂ ಕವಿದು, ಹೂವು ಅಚ್ಚನ್ನು ಬಿಡಲೊಲ್ಲದೆ ಅಲ್ಲಿಯೇ ಕರಕಾಗುತ್ತದೆ. "ಮುಕ್ಕಾಲು ಸಾಕು ಮಗಾ" ಎಂದು ಅಜ್ಜಿ ಹೇಳುತ್ತಿದ್ದ ಮಾತು ಕೊಕ್ಕಿಸಾಂಗೆ ಮಾತ್ರ ಸಂಬಂಧಿಸಿದುದೆಂದು ನಾನು ಬಹುಕಾಲ ತಿಳಿದಿದ್ದೆ.

ಕಾಲ ಬದಲಾಯಿತು. ನಮ್ಮ ಜಿಲ್ಲೆಯ ಮಕ್ಕಳು ಮೊದಲು ಮುಂಬಯಿಗೆ, ಆಮೇಲೆ ಕೊಲ್ಲಿಯ ದೇಶಗಳಿಗೆ, ಈಚೆಗೆ ಬೆಂಗಳೂರಿಗೂ ಅದಕ್ಕಿಂತ ದೂರದ ಕೆನಡಾ, ಆಸ್ಟ್ರೇಲಿಯಗಳಿಗೂ ಹೊಟ್ಟೆಪಾಡಿಗಾಗಿ ಹೋದರು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದ ಮೇಲೆ ಮುಂಬಯಿ ಹತ್ತಿರವಾಯಿತು, ನಿಜ; ಆದರೆ ರಜೆಯ ದಿನಗಳು ಹೆಚ್ಚಲಿಲ್ಲ. 23ನೆಯ ತಾರೀಕಿನ ರಾತ್ರಿ ಬಂದಿಳಿದು 27ಕ್ಕೆ ಹಿಂದಿರುಗುವ ಮಗನಿಗೆ ಕಿಡ್ಯೊ ಮಾಡಲು ಪುರುಸೊತ್ತೆಲ್ಲಿ? ಹೀಗೆ ಚಾಪೆಯ ಸುತ್ತಲಿನ ಹತ್ತು ಜನ ಐವರಾಗಿ, ಮೂವರಾಗಿ, ಕೊನೆಗೆ ಒಬ್ಬರಾದರು. ವಿಚಿತ್ರವೆಂದರೆ ಕೈಗಳು ಕಡಿಮೆಯಾದರೂ ತಿಂಡಿಗಳ ಪಟ್ಟಿ ಕಡಿಮೆಯಾಗಲಿಲ್ಲ. ಅಜ್ಜಿಯ ಕಾಲದ ಎಂಟು ಬಗೆಗಳ ಮೇಲೆ ಪೇಟೆಯ ಚಾಕೊಲೇಟು, ಮೇಲಲಂಕಾರದ ಕೇಕು, ವಿದ್ಯುದ್ದೀಪಗಳ ಸರ, ಪ್ರತಿಯೊಬ್ಬರಿಗೂ ಉಡುಗೊರೆ, ಕಚೇರಿಯವರಿಗೆ ಬೇರೆ ಪೊಟ್ಟಣ, ಮೊಬೈಲಿನಲ್ಲಿ ಹಾಕಲು ಒಂದು ಒಳ್ಳೆಯ ಫೋಟೋ ಇವೂ ಸೇರಿಕೊಂಡವು. ಒಂದು ಸಂಸಾರದ ನೊಗವನ್ನು ಒಂದು ಹೆಗಲು ಹೊತ್ತಾಗ ಆ ಹೆಗಲಿಗೆ ಬಾವು ಬರುವುದರಲ್ಲಿ ಆಶ್ಚರ್ಯವೇನಿದೆ?

ಆದಕಾರಣ ಈ ಸಂಕಟಕ್ಕೆ ಮೊದಲ ಪರಿಹಾರ ಕೈಗಳನ್ನು ಮರಳಿ ಕರೆಯುವುದು. ಮನೆಯ ಗಂಡಸರು ತಿಂಡಿಯನ್ನು ರುಚಿ ನೋಡಿ ಹೊಗಳುವುದರಲ್ಲಿಯೇ ತಮ್ಮ ಪಾಲು ಸಂದಾಯವಾಯಿತೆಂದು ತಿಳಿಯದೆ, ಕಾಯಿ ತುರಿಯುವುದರಿಂದ ಹಿಡಿದು ಎಣ್ಣೆ ಹಿಡಿದ ಬಾಣಲೆಯನ್ನು ತಿಕ್ಕುವವರೆಗೆ ಯಾವುದಾದರೊಂದು ಕೆಲಸವನ್ನು ತಮ್ಮದೆಂದು ಆರಿಸಿಕೊಂಡು ಪೂರ್ತಿ ಮುಗಿಸಿಕೊಡಬೇಕು. 'ಏನಾದರೂ ಸಹಾಯ ಬೇಕೆ' ಎಂದು ಕೇಳುವುದು ಸಹಾಯವಲ್ಲ. ಏನು ಬೇಕೆಂದು ಯೋಚಿಸುವ ಹೊರೆಯನ್ನೂ ಅದು ಅವರ ತಲೆಗೇ ಹಿಂದಿರುಗಿಸುತ್ತದೆ. ಮಕ್ಕಳು ಮಾಡಿದ ಕಿಡ್ಯೊ ಸೊಟ್ಟಗಾದೀತು, ಆಗಲಿ. ನೆರೆಯ ಎರಡು ಮನೆಯವರು ಒಂದೆಡೆ ಸೇರಿ, ಇವರು ನೆವ್ರಿಯನ್ನೂ ಅವರು ಚಕ್ಕುಲಿಯನ್ನೂ ಮಾಡಿ ಹಂಚಿಕೊಂಡರೆ ಶ್ರಮ ಅರ್ಧವಾಗಿ ಬಗೆ ಎರಡಾಗುತ್ತದೆ. ಯಾರೂ ಒದಗಲಿಲ್ಲವೆ? ಡಿಸೆಂಬರಿನಲ್ಲಿ ಮಂಗಳೂರಿನ ಬೇಕರಿಗಳಲ್ಲಿ ಕುಸ್ವಾರದ ಪೊಟ್ಟಣಗಳು ಸಿದ್ಧವಾಗಿಯೇ ದೊರೆಯುತ್ತವೆ. ಮನೆಯಲ್ಲಿಯೇ ತಿಂಡಿ ಮಾಡಿ ಮಾರುವ ಹೆಂಗಸರೂ ಇದ್ದಾರೆ. ಕೊಂಡು ತರುವುದರಲ್ಲಿ ಅವಮಾನದ ಲವಲೇಶವೂ ಇಲ್ಲ. ನಾಲ್ಕು ಬಗೆಯನ್ನು ಕೊಂಡು, ಮನಸ್ಸಿಗೆ ಹತ್ತಿರವಾದ ಒಂದನ್ನು ಮಾತ್ರ ಎಲ್ಲರೂ ಕೂಡಿ ಮಾಡಿದ ಮನೆಯಲ್ಲಿ ಹಬ್ಬದ ಸತ್ತ್ವಕ್ಕೆ ಲೋಪವಾಗದು.

ಎರಡನೆಯದು ಕಾಲದ ಮಾತು. ಪೂರ್ವಿಕರು ಈ ಹಬ್ಬಕ್ಕೆ ಕಟ್ಟಿಕೊಟ್ಟ ಕಾಲಗಣನೆಯಲ್ಲಿ ಎಂತಹ ವಿವೇಕ ಅಡಗಿದೆಯೆಂಬುದನ್ನು ನಾವು ಮರೆತಿದ್ದೇವೆ. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳನ್ನೊಳಗೊಂಡ ಅವಧಿಗೆ ಆಗಮನ ಕಾಲವೆಂದು ಹೆಸರು. ಅದು ಹಬ್ಬವಲ್ಲ, ಹಬ್ಬಕ್ಕಾಗಿ ಕಾಯುವ ಕಾಲ. ಗುರುಗಳ ಪೂಜಾವಸ್ತ್ರ ಆಗ ನೇರಳೆ ಬಣ್ಣದ್ದು; ಮೂರನೆಯ ಭಾನುವಾರ ಮಾತ್ರ, 'ಹಿಗ್ಗಿರಿ' ಎಂಬರ್ಥದ ಲ್ಯಾಟಿನ್ ಹೆಸರಿನ ಆ ದಿನದಂದು, ಗುಲಾಬಿ ಬಣ್ಣಕ್ಕೆ ಎಡೆಯುಂಟು. ಕಾಯುವವರಿಗೆ ನಡುವೆ ಒಮ್ಮೆ ಉಸಿರಾಡಲು ಅವಕಾಶವಿರಲೆಂದೇ ಈ ಏರ್ಪಾಡು. ಮಕ್ಕಳಿಗೆ ಕಾಯುವುದು ಎಷ್ಟು ಕಷ್ಟವೆಂಬುದನ್ನು ಬಲ್ಲ ಜರ್ಮನಿಯ ಪಾದ್ರಿ ಯೋಹಾನ್ ಹಿನ್ರಿಖ್ ವಿಖೆರ್ನ್ 1839ರಲ್ಲಿ ಹ್ಯಾಂಬರ್ಗಿನ ತನ್ನ ಬಡಮಕ್ಕಳ ಆಶ್ರಮದಲ್ಲಿ ಗಾಡಿಯ ಚಕ್ರವೊಂದಕ್ಕೆ ಮೇಣದ ಬತ್ತಿಗಳನ್ನು ಸಿಕ್ಕಿಸಿದನು: ವಾರದ ದಿನಗಳಿಗೆ ಚಿಕ್ಕವು, ಭಾನುವಾರಗಳಿಗೆ ದೊಡ್ಡವು. ದಿನಕ್ಕೊಂದು ಬತ್ತಿ ಹೊತ್ತಿದಂತೆ, ಹಬ್ಬ ಇನ್ನೆಷ್ಟು ದೂರವೆಂಬುದು ಮಕ್ಕಳ ಕಣ್ಣಿಗೇ ಕಾಣುತ್ತಿತ್ತು. ಇಂದು ಲೋಕದ ಅನೇಕ ದೇವಾಲಯಗಳಲ್ಲಿ ಬೆಳಗುವ ಆಗಮನದ ಹಸಿರು ಬಳೆಗೆ ಆ ಚಕ್ರವೇ ಮೂಲ.

ಅಂತೆಯೇ ಕ್ರಿಸ್‌ಮಸ್ 25ರಂದು ಮುಗಿಯುವುದೂ ಅಲ್ಲ, ಆರಂಭವಾಗುವುದು ಅಂದು. ಪೂರ್ವದೇಶದ ಜ್ಞಾನಿಗಳು ಶಿಶುವನ್ನು ಕಂಡ ಸ್ಮರಣೆಯ ದಿನವಾದ ಜನವರಿ 6ರವರೆಗೆ ಹನ್ನೆರಡು ದಿನಗಳ ಸುಗ್ಗಿಯನ್ನು ಸಂಪ್ರದಾಯ ನಮಗೆ ಕೊಟ್ಟಿದೆ. ಪೇಟೆಯ ಲೆಕ್ಕ ಇದಕ್ಕೆ ತಲೆಕೆಳಗು: ನವೆಂಬರಿನಲ್ಲಿಯೇ ದೀಪ, ಸಂಗೀತ, ಮಾರಾಟಗಳು ತೊಡಗಿ 26ರ ಬೆಳಗಿಗೆ ಎಲ್ಲವೂ ಆರಿಹೋಗುತ್ತದೆ. ಕಾಯಬೇಕಾದಾಗ ಉಂಡು, ಉಣ್ಣಬೇಕಾದಾಗ ದಣಿದು ಮಲಗುವ ಸ್ಥಿತಿ ನಮಗೊದಗಿರುವುದು ಹೀಗೆ. ಎಲ್ಲ ಬಂಧುಗಳನ್ನೂ 25ರಂದೇ ಕಾಣಬೇಕು, ಎಲ್ಲ ಅಡುಗೆಯೂ ಅಂದಿನ ಮಧ್ಯಾಹ್ನವೇ ಆಗಬೇಕು ಎಂಬ ನಿರ್ಬಂಧವನ್ನು ಯಾವ ಶಾಸ್ತ್ರವೂ ಹೇಳಿಲ್ಲ. ಹುಟ್ಟಿದ ದಿನ ಮನೆಯವರಷ್ಟೇ ಕೂತು ಸರಳವಾಗಿ ಉಂಡು, ಅತ್ತೆಯ ಮನೆಗೆ 28ಕ್ಕೂ ಹಳೆಯ ಗೆಳೆಯರ ಮನೆಗೆ ಹೊಸವರ್ಷದ ಮರುದಿನಕ್ಕೂ ಹೋದರೆ ಪ್ರೀತಿಗೆ ಕೊರತೆಯಾಗುವುದಿಲ್ಲ. ಬದಲಾಗಿ, ಹೋದಲ್ಲಿ ಗಡಿಯಾರ ನೋಡದೆ ಒಂದು ಗಳಿಗೆ ಕುಳಿತುಕೊಳ್ಳುವ ಭಾಗ್ಯ ದೊರೆಯುತ್ತದೆ.

ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಇಬ್ಬರು ಅಕ್ಕತಂಗಿಯರ ಪ್ರಸಂಗ ಬರುತ್ತದೆ. ಯೇಸು ಅವರ ಮನೆಗೆ ಬಂದಾಗ ಮಾರ್ಥಳು ಉಪಚಾರದ ನಾನಾ ಕೆಲಸಗಳಲ್ಲಿ ತೊಳಲಾಡುತ್ತಿರುತ್ತಾಳೆ. ತಂಗಿ ಮರಿಯಳು ಅವನ ಪಾದದ ಬಳಿ ಕುಳಿತು ಮಾತು ಕೇಳುತ್ತಿರುತ್ತಾಳೆ. ನನ್ನೊಬ್ಬಳನ್ನೇ ದುಡಿಯಲು ಬಿಟ್ಟಿದ್ದಾಳೆ ನೋಡಿ ಎಂದು ಮಾರ್ಥಳು ದೂರಿದಾಗ, ನೀನು ಹಲವನ್ನು ಕುರಿತು ಚಿಂತಿಸುತ್ತಿರುವೆ, ಬೇಕಾದುದು ಒಂದೇ ಎಂಬ ಭಾವದ ಉತ್ತರ ಅವಳಿಗೆ ದೊರಕುತ್ತದೆ. ಈ ಭಾಗವನ್ನು ಓದಿ ಮಾರ್ಥಳನ್ನು ಹಳಿಯುವ ಉಪದೇಶಗಳನ್ನು ನಾನು ಕೇಳಿದ್ದೇನೆ. ಅದು ನನಗೆ ಎಂದೂ ಸಮ್ಮತವಾಗಿಲ್ಲ. ಮಾರ್ಥಳ ದೂರಿನಲ್ಲಿ ಇರುವುದು ಕೆಲಸದ ಮೇಲಣ ಬೇಸರವಲ್ಲ, 'ಒಬ್ಬಳನ್ನೇ' ಎಂಬ ಒಂಟಿತನದ ನೋವು. ಯೇಸು ಅವಳನ್ನು ಹೆಸರು ಹಿಡಿದು ಎರಡು ಬಾರಿ ಕರೆದನೆಂದು ಲೂಕನು ಬರೆದಿದ್ದಾನೆ. ಆ ಕರೆಯಲ್ಲಿ ಆಕ್ಷೇಪಕ್ಕಿಂತ ಅಕ್ಕರೆಯೇ ಹೆಚ್ಚಾಗಿ ನನ್ನ ಕಿವಿಗೆ ಬೀಳುತ್ತದೆ. ನಮ್ಮ ಮನೆಗಳ ಮಾರ್ಥೆಯರಿಗೆ ಚಿಂತೆ ಬಿಡಿ ಎಂದು ಬೋಧಿಸುವ ಮೊದಲು ನಾವು ಎದ್ದು ಒಲೆಯ ಬಳಿಗೆ ಹೋಗಬೇಕು. ಆಗ ಅವರೂ ಬಂದು ಕುಳಿತುಕೊಳ್ಳುತ್ತಾರೆ.

ಹಣದ ಚಿಂತೆ ಈ ದಿನಗಳ ಮತ್ತೊಂದು ಶೂಲ. ಹಗುರಗೊಳಿಸಲೆಂದು ತಂದ ಉಪಾಯವೇ ಹೊರೆಯಾಗಿ ಬೆಳೆಯುವ ಪರಿಯನ್ನು ಶುಭಾಶಯ ಪತ್ರದ ಚರಿತ್ರೆಯಲ್ಲಿ ಕಾಣಬಹುದು. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬಾತನಿಗೆ, ಹಬ್ಬದ ದಿನಗಳಲ್ಲಿ ಪರಿಚಿತರಿಗೆಲ್ಲ ಕೈಯಾರೆ ಕಾಗದ ಬರೆಯಲು ಸಮಯ ಸಾಲದಾಯಿತು. ಆತ ಚಿತ್ರಕಾರ ಜಾನ್ ಕ್ಯಾಲ್ಕಾಟ್ ಹಾರ್ಸ್ಲಿಯಿಂದ ಒಂದು ಚಿತ್ರ ಬರೆಯಿಸಿ, ಅದನ್ನು ಅಚ್ಚು ಮಾಡಿಸಿ ಕಳುಹಿಸಿದನು. ನಡುವೆ ಹಬ್ಬದೂಟಕ್ಕೆ ಕೂಡಿದ ಒಂದು ಕುಟುಂಬ. ಎರಡು ಪಕ್ಕಗಳಲ್ಲಿ ಹಸಿದವರಿಗೆ ಅನ್ನವನ್ನೂ ಬೆತ್ತಲೆಯವರಿಗೆ ಬಟ್ಟೆಯನ್ನೂ ಕೊಡುವ ದೃಶ್ಯಗಳು. ಮೊದಲ ಕ್ರಿಸ್‌ಮಸ್ ಪತ್ರವೆಂದು ಲೋಕ ಮನ್ನಿಸುವುದು ಅದನ್ನೇ. ಒಬ್ಬನ ಶ್ರಮವನ್ನು ಇಳಿಸಿದ ಆ ಉಪಾಯ ಕಾಲಾಂತರದಲ್ಲಿ ಎಲ್ಲರೂ ಎಲ್ಲರಿಗೂ ಕಳುಹಿಸಲೇಬೇಕಾದ ಕಟ್ಟಳೆಯಾಯಿತು. ಇಂದು ಮೊಬೈಲಿನ ಚಿತ್ರಸಂದೇಶಗಳ ಮಹಾಪೂರವಾಗಿ ಯಾರ ಮನಸ್ಸನ್ನೂ ಮುಟ್ಟದೆ ಹರಿದುಹೋಗುತ್ತಿದೆ. ನೂರು ಜನರಿಗೆ ಒಂದೇ ಚಿತ್ರವನ್ನು ರವಾನಿಸುವುದಕ್ಕಿಂತ, ವರ್ಷದಿಂದ ಮಾತನಾಡದ ಮೂವರಿಗೆ ಫೋನು ಮಾಡಿ ಹತ್ತು ನಿಮಿಷ ಅವರ ಸುಖದುಃಖ ಕೇಳುವುದು ಮೇಲು. ಉಡುಗೊರೆಯೂ ಹಾಗೆಯೇ. ಡಿಸೆಂಬರ್ ಹುಟ್ಟುತ್ತಲೇ ಗಂಡಹೆಂಡಿರು ಒಟ್ಟಿಗೆ ಕುಳಿತು ಖರ್ಚಿನ ಒಂದು ಮೊತ್ತವನ್ನು ಕಾಗದದ ಮೇಲೆ ಬರೆದು, ಅಜ್ಜಿಯ ಅಚ್ಚಿನಂತೆ ಅದರ ಮುಕ್ಕಾಲು ಪಾಲಿನಲ್ಲಿಯೇ ಹಬ್ಬವನ್ನು ಮುಗಿಸುವ ನಿಶ್ಚಯ ಮಾಡಿದರೆ, ಜನವರಿಯ ಸಾಲದ ಕಂತು ಡಿಸೆಂಬರಿನ ದೀಪವನ್ನು ಮಂಕಾಗಿಸದು.

ಈ ಹಬ್ಬದ ಮೂಲದಲ್ಲಿರುವ ಚಿತ್ರವಾದರೂ ಎಂತಹದು? ಛತ್ರದಲ್ಲಿ ಸ್ಥಳ ಸಿಗದ ದಂಪತಿಗಳು, ದನಕರುಗಳ ಮೇವಿನ ತೊಟ್ಟಿಯಲ್ಲಿ ಮಲಗಿಸಿದ ಕೂಸು, ರಾತ್ರಿಯ ಚಳಿಯಲ್ಲಿ ಕುರಿ ಕಾಯುತ್ತಿದ್ದ ಬಡವರು. ಇಟಲಿಯ ಗ್ರೆಚ್ಚೊ ಎಂಬ ಗುಡ್ಡದೂರಿನಲ್ಲಿ 1223ರ ಕ್ರಿಸ್‌ಮಸ್ ರಾತ್ರಿ ಅಸ್ಸಿಸಿಯ ಸಂತ ಫ್ರಾನ್ಸಿಸನು ಹುಲ್ಲು ತುಂಬಿದ ಒಂದು ಗೋದಲಿಯನ್ನೂ ಒಂದು ಎತ್ತು ಒಂದು ಕತ್ತೆಯನ್ನೂ ತರಿಸಿ ನಿಲ್ಲಿಸಿ, ಅದರ ಮುಂದೆ ಪೂಜೆ ನಡೆಯಿಸಿದುದು ಆ ಬಡತನವನ್ನು ಜನ ಕಣ್ಣಾರೆ ಕಾಣಲೆಂದೇ. ನಮ್ಮ ಮನೆಗಳಲ್ಲಿ ಮಕ್ಕಳು ಕಟ್ಟುವ ಗೋದಲಿ ಆ ಪರಂಪರೆಯ ಕುಡಿ. ಹಬ್ಬಕ್ಕೆ ಹತ್ತು ದಿನ ಮೊದಲು ಚಿಪ್ಪುಗಳಲ್ಲಿ ಮಣ್ಣು ತುಂಬಿ ರಾಗಿ ಬಿತ್ತಿ, ದಿನವೂ ನೀರು ಚಿಮುಕಿಸಿ, ಮೊಳಕೆ ಬೆರಳುದ್ದವಾದಾಗ ಅದನ್ನೇ ಬೆತ್ಲೆಹೇಮಿನ ಹುಲ್ಲುಗಾವಲೆಂದು ಇಡುತ್ತಿದ್ದೆವು. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಹುಲ್ಲು ಒಂದು ನಿಮಿಷದಲ್ಲಿ ಹಾಸಿಬಿಡಬಹುದು. ಆದರೆ ರಾಗಿ ಮೊಳೆಯುವುದನ್ನು ನೋಡುತ್ತ ಕಾದ ಮಗುವಿಗೆ ದೊರೆಯುವ ಶಾಂತಿ ಅದರಲ್ಲಿಲ್ಲ. ಹಿರಿಯರಿಗೂ ಈ ಕೆಲಸ ಒಳ್ಳೆಯದು. ಬೆಳಗ್ಗೆ ಎದ್ದೊಡನೆ ಫೋನಿಗೆ ಕೈಹಾಕದೆ, ಮಕ್ಕಳ ಜೊತೆ ಆ ಚಿಪ್ಪುಗಳ ಮುಂದೆ ಎರಡು ನಿಮಿಷ ಕುಕ್ಕುರುಗಾಲಿನಲ್ಲಿ ಕುಳಿತು ನೋಡಿರಿ. ದಿನದ ಆತುರಕ್ಕೆ ಒಂದು ಲಗಾಮು ಬೀಳುತ್ತದೆ.

ಇನ್ನು ಹೇಳಲು ಸುಲಭವಲ್ಲದ ಒಂದು ವಿಷಯವಿದೆ. ಕುಟುಂಬ ಒಂದೆಡೆ ಕೂಡುವ ದಿನಗಳಲ್ಲಿಯೇ ಕುಟುಂಬದ ಹಳೆಯ ಗಾಯಗಳೂ ಬಾಯಿ ಬಿಡುತ್ತವೆ. ಜಾಗದ ಪಾಲು, ತಾಯಿಯನ್ನು ನೋಡಿಕೊಳ್ಳುವ ಸರದಿ, ಮಗಳ ಮದುವೆ ಇನ್ನೂ ಏಕಾಗಲಿಲ್ಲವೆಂಬ ಪ್ರಶ್ನೆ, ಮಗನಿಗೆ ಸಂಬಳವೆಷ್ಟೆಂಬ ವಿಚಾರಣೆ ಇವು ಊಟದ ಎಲೆಯ ಮುಂದೆ ಬಂದು ಕುಳಿತವೆಂದರೆ ಎಷ್ಟೇ ಸೊಗಸಾದ ಅಡುಗೆಯೂ ಗಂಟಲಲ್ಲಿ ಇಳಿಯದು. ಇವುಗಳನ್ನು ಮಾತನಾಡಲೇಬಾರದೆಂದು ನಾನು ಹೇಳುವುದಿಲ್ಲ. ಅವುಗಳಿಗೆ ಬೇರೊಂದು ದಿನವನ್ನೂ ಬೇರೊಂದು ಜಾಗವನ್ನೂ ಗೊತ್ತುಮಾಡಿರಿ ಎನ್ನುತ್ತೇನೆ. ಒಂದು ವರ್ಷ ನಮ್ಮ ಮನೆಯಲ್ಲಿ ಅಂತಹ ಮಾತೊಂದು ಏಳುವ ಹೊತ್ತಿಗೆ ನನ್ನ ಹಿರಿಯಣ್ಣ, "ಈ ಮಾತು 27ಕ್ಕೆ ಆಡುವ, ಇವತ್ತು ಅಮ್ಮನಿಗೆ ಬಡಿಸುವ" ಎಂದಷ್ಟೇ ಹೇಳಿ ಸೌಟು ಕೈಗೆತ್ತಿಕೊಂಡರು. 27ರಂದು ಆ ಮಾತು ಆಡಿದೆವು; ಎರಡು ದಿನಗಳ ಸಲಿಗೆ ನಡುವೆ ಬಂದುದರಿಂದಲೋ ಏನೋ, ಅದರ ಕಾವು ಇಳಿದಿತ್ತು.

ದುಃಖವಿರುವ ಮನೆಯ ಹಬ್ಬ ಮತ್ತೂ ಕಠಿನವಾದುದು. ನಮ್ಮ ತಂದೆ ತೀರಿಹೋದ ವರ್ಷ ತಾಯಿ ಬಾಣಲೆಯನ್ನು ಅಟ್ಟದಿಂದ ಇಳಿಸಲೇ ಇಲ್ಲ. ನಕ್ಷತ್ರ ತೂಗಹಾಕುವುದೋ ಬೇಡವೋ ಎಂದು ನಾವು ಮಕ್ಕಳು ಪಿಸುಮಾತಿನಲ್ಲಿ ಚರ್ಚಿಸುತ್ತಿದ್ದೆವು. 24ರ ಸಂಜೆ ಬೇಲಿಯಾಚೆಯ ಬಂಟರ ಮನೆಯ ಅಮ್ಮ, ಪ್ರತಿವರ್ಷವೂ ನಮ್ಮ ಮನೆಯ ಕುಸ್ವಾರದ ತಟ್ಟೆಯನ್ನು ಸ್ವೀಕರಿಸುತ್ತಿದ್ದವರು, ಆ ವರ್ಷ ತಾವೇ ಒಂದು ತಟ್ಟೆಯಲ್ಲಿ ಕಡುಬನ್ನೂ ಬಾಳೆಹಣ್ಣನ್ನೂ ಹಿಡಿದು ಬಂದರು. ತಾಯಿಯ ಪಕ್ಕದಲ್ಲಿ ಕುಳಿತರು. ಹೆಚ್ಚೇನೂ ಆಡಲಿಲ್ಲ. ಹೋಗುವಾಗ, "ದೊಡ್ಡವರು ಇದ್ದಿದ್ದರೆ ನಕ್ಷತ್ರ ಕಟ್ಟದೆ ಬಿಡುತ್ತಿರಲಿಲ್ಲ" ಎಂದರು. ತಾಯಿ ಸುಮ್ಮನೆ ಎದ್ದು ಒಳಗಿನಿಂದ ಹಳೆಯ ನಕ್ಷತ್ರವನ್ನು ತಂದು ನನ್ನ ಕೈಗೆ ಕೊಟ್ಟರು. ದುಃಖಿತರನ್ನು ಬಲವಂತದಿಂದ ನಗಿಸುವುದು ಸಲ್ಲದು. ಅವರನ್ನು ಒಂಟಿಯಾಗಿ ಬಿಡುವುದೂ ಸಲ್ಲದು. ತೀರಿಕೊಂಡವರ ಹೆಸರನ್ನು ಹಬ್ಬದೂಟದ ಮುಂಚಿನ ಪ್ರಾರ್ಥನೆಯಲ್ಲಿ ಬಾಯಿಬಿಟ್ಟು ಹೇಳುವುದು, ಅವರಿಗೆ ಪ್ರಿಯವಾಗಿದ್ದ ಒಂದು ತಿಂಡಿಯನ್ನು ಮಾಡುವುದು, ಅಳು ಬಂದವರನ್ನು ಅಳಲು ಬಿಡುವುದು ಇಷ್ಟರಿಂದಲೇ ಆ ದಿನದ ಭಾರ ಸಹ್ಯವಾಗುತ್ತದೆ. ಕೊಲ್ಲಿಯಲ್ಲಿರುವ ಮಗನಿಗಾಗಿ ಡಬ್ಬಿ ತುಂಬಿಸಿ, ಅದನ್ನು ಒಯ್ಯುವವರಿಗಾಗಿ ಕಾಯುತ್ತ ಕುಳಿತ ವೃದ್ಧ ದಂಪತಿಗಳು ನಮ್ಮ ಒಂದೊಂದು ಧರ್ಮಕೇಂದ್ರದಲ್ಲಿಯೂ ಇದ್ದಾರೆ. ಕ್ಯಾರೋಲ್ ಹಾಡುವ ತರುಣರು ಆ ಅಂಗಳಗಳಲ್ಲಿ ಇನ್ನೊಂದು ಹಾಡು ಹೆಚ್ಚಾಗಿ ಹಾಡಲಿ.

ಕುಸ್ವಾರದ ತಟ್ಟೆಯ ಅರ್ಥವೂ ಇದೇ ಅಲ್ಲವೆ? ಅದನ್ನು ನಾವು ತಿನ್ನುವುದಕ್ಕಿಂತ ಹಂಚುವುದೇ ಹೆಚ್ಚು. ಕಸೂತಿಯ ಬಟ್ಟೆ ಮುಚ್ಚಿದ ತಟ್ಟೆಗಳನ್ನು ಹಿಡಿದು ಮಕ್ಕಳು ಹಿಂದುಗಳ ಮನೆಗೂ ಬ್ಯಾರಿ ಮುಸಲ್ಮಾನರ ಮನೆಗೂ ಹೋಗುತ್ತಾರೆ. ಬರಿದಾದ ತಟ್ಟೆಯನ್ನು ಹಾಗೆಯೇ ಹಿಂದಿರುಗಿಸಬಾರದೆಂಬ ನಮ್ಮ ನಾಡಿನ ರೂಢಿಯಂತೆ ಅದರಲ್ಲಿ ಒಂದು ಹಿಡಿ ಸಕ್ಕರೆಯೋ ನಾಲ್ಕು ಹೂವೋ ಮರಳಿ ಬರುತ್ತವೆ. ದೀಪಾವಳಿಗೆ, ಅಷ್ಟಮಿಗೆ, ಈದಿಗೆ ಅತ್ತಣಿಂದ ಬಂದ ತಟ್ಟೆಗಳಿಗೆ ಇದು ಪ್ರತಿಯೆಂದು ಲೆಕ್ಕವಿಟ್ಟವರಾರೂ ಇಲ್ಲ. ತಿಂಡಿಯನ್ನು ಹಂಚುವುದನ್ನು ಬಲ್ಲ ನಾವು ಅದರ ದುಡಿಮೆಯನ್ನು ಹಂಚುವುದನ್ನು ಮರೆತಿದ್ದೆವು ಎಂಬುದು ಮಾತ್ರ ಖೇದದ ಸಂಗತಿ.

ಕಳೆದ ವರ್ಷ ಡಿಸೆಂಬರ್ ಮೊದಲ ಭಾನುವಾರ ನಾವು ಮನೆಯವರೆಲ್ಲ ಕುಳಿತು ಪಟ್ಟಿಯನ್ನು ಬರೆದೆವು. ಎಂಟು ಬಗೆಗಳಲ್ಲಿ ಐದನ್ನು ಕೊಂಡು ತರುವುದೆಂದೂ, ಮೂರನ್ನು ಮಾಡುವುದೆಂದೂ ನಿಶ್ಚಯವಾಯಿತು. ಕಾಯಿ ಸುಲಿದು ತುರಿಯುವುದು ನನ್ನ ಪಾಲಿಗೆ, ಬಾಣಲೆಯ ಮುಂದಿನ ಸ್ಥಾನ ಅಣ್ಣನ ಪಾಲಿಗೆ ಬಂದವು. ಬೆಂಗಳೂರಿನಲ್ಲಿರುವ ತಮ್ಮನ ಮಕ್ಕಳು ಶಾಲೆಗೆ ರಜೆ ಬಂದೊಡನೆ ತಂದೆತಾಯಿಗಳಿಗಿಂತ ಮೊದಲೇ ಬಸ್ಸು ಹತ್ತಿಸಿಕೊಂಡು ಬಂದರು. ಮೂರು ರಾತ್ರಿ ಚಾವಡಿಯಲ್ಲಿ ಚಾಪೆ ಹಾಸಿದೆವು. ಮೊದಲ ರಾತ್ರಿಯ ಕಿಡ್ಯೊ ಅರ್ಧಕ್ಕರ್ಧ ಎಣ್ಣೆಯಲ್ಲಿ ಬಿಚ್ಚಿಕೊಂಡವು. ಅತ್ತಿಗೆ ಮಕ್ಕಳ ಪುಟ್ಟ ಹೆಬ್ಬೆರಳುಗಳನ್ನು ತಮ್ಮ ಕೈಯಲ್ಲಿ ಹಿಡಿದು ಅಂಚು ಒತ್ತುವುದನ್ನು ಕಲಿಸಿದರು. ಎರಡನೆಯ ರಾತ್ರಿ, ತಾವು ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ ಇದೇ ಚಾಪೆಯ ಮೇಲೆ ಅಜ್ಜಿ ತಮಗೆ ಅದನ್ನು ಕಲಿಸಿದ ಕಥೆಯನ್ನು ಹೇಳಿದರು. ಇಷ್ಟು ವರ್ಷಗಳಲ್ಲಿ ಆ ಕಥೆಯನ್ನು ನಾನು ಕೇಳಿರಲೇ ಇಲ್ಲ. 24ರ ಸಂಜೆ ಅವರು ಎಲ್ಲರಿಗಿಂತ ಮೊದಲು ಸೀರೆಯುಟ್ಟು, ಮಕ್ಕಳನ್ನು ಕರೆದುಕೊಂಡು ಇಗರ್ಜಿಗೆ ನಡೆದರು. ಹಾದಿಯುದ್ದಕ್ಕೂ ಅವರ ನಗು ನಮಗೆ ಹಿಂದೆ ಕೇಳಿಸುತ್ತಿತ್ತು.

ಜನವರಿ 6ರಂದು ಗೋದಲಿಯನ್ನು ಬಿಚ್ಚಿದೆವು. ಗೇಣುದ್ದ ಬೆಳೆದ ರಾಗಿಯ ಪೈರನ್ನು ಮಕ್ಕಳ ಅಪೇಕ್ಷೆಯಂತೆ ಅತ್ತಿಗೆ ಹಿತ್ತಿಲಲ್ಲಿ ಬಾವಿಯ ಬಳಿ ನೆಟ್ಟರು. ಕುಸ್ವಾರದ ತಗಡಿನ ಡಬ್ಬಿಯನ್ನು ತೊಳೆಯಲೆಂದು ಬಗ್ಗಿಸಿದಾಗ ತಳದಲ್ಲಿ ಸಕ್ಕರೆಯ ಪುಡಿಯ ನಡುವೆ ನಾಲ್ಕು ಕಿಡ್ಯೊ ಉಳಿದಿದ್ದವು. ನಾಲ್ಕೂ ಮೊದಲ ರಾತ್ರಿಯವು. ಬಾಯಿ ಬಿಚ್ಚಿಕೊಂಡು ಸೊಟ್ಟಗಾದವು. ಅತ್ತಿಗೆ ಅವನ್ನು ಎತ್ತಿ, ಒಂದನ್ನು ನನಗೆ ಕೊಟ್ಟು, ಎರಡನ್ನು ಬೆಂಗಳೂರಿಗೆ ಹೋಗಲಿರುವವರ ಕೈಗೆ ಕಾಗದದಲ್ಲಿ ಸುತ್ತಿಕೊಡಲೆಂದು ತೆಗೆದಿಟ್ಟು, ಕೊನೆಯದನ್ನು ಬಾಯಿಗೆ ಹಾಕಿಕೊಂಡು ಹಿತ್ತಿಲ ಬಾಗಿಲ ಅದೇ ಮೆಟ್ಟಿಲ ಮೇಲೆ ಕುಳಿತರು. "ಈ ವರ್ಷ ಬೇಗ ಮುಗಿದದ್ದು" ಎಂದರು.